ಮೂವತ್ತೊಂದು ಒಲೆಗಳ ದೋಣಕ್ಕ

ಮೊದಲು ಕೆರೆ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಹೇಳಿಬಿಡಬೇಕು. ಇಲ್ಲದಿದ್ದರೆ ದೋಣಕ್ಕನ ಕಥೆಗೆ ತಲೆಬುಡ ಸಿಗುವುದಿಲ್ಲ. ಕಾಗದಪತ್ರದಲ್ಲಿ ಅದನ್ನು ಸರೋವರ ಅಂತ ಬರೆಯುತ್ತಾರೆ. ಅಲ್ಲಿನವರ ಬಾಯಲ್ಲಿ ಅದು ಕೆರೆಯೇ. ಗುಡ್ಡದ ಮೇಲೆ ನಿಂತು ನೋಡಿದರೆ ಮನುಷ್ಯನ ಕಿವಿಯ ಆಕಾರ. ಕಿವಿಯ ಮೇಲಂಚಿಗೆ ಕಲ್ಲುದಡ, ಅಲ್ಲಿ ಏಳು ಮನೆ. ಬೆನ್ನಿನ ಕಡೆ ಜೊಂಡುದಡ, ಹನ್ನೊಂದು ಮನೆ. ಹಾಲೆಯ ಹತ್ತಿರ ಶಾಲೆದಡ, ಹನ್ನೆರಡು ಮನೆ, ಒಂದು ಶಾಲೆ, ಒಂದು ಅಂಗಡಿ, ಬಸ್ಸು ಬಂದು ತಿರುಗಿಕೊಂಡು ಹೋಗುವ ಜಾಗ. ಒಂದು ತುಂಡು ನೆಲ ಮಾತ್ರ ನೀರೊಳಗೆ ಚಾಚಿಕೊಂಡಿದೆ. ಅದಕ್ಕೆ ಮೂಗು ಅಂತ ಹೆಸರು. ಕಿವಿಗೆ ಮೂಗು ಹೇಗೆ ಬಂತು ಅಂತ ಕೇಳಬೇಡಿ, ಹೆಸರಿಟ್ಟವರು ಗುಡ್ಡ ಹತ್ತಿ ನೋಡಿರಲಿಲ್ಲ. ಮೂಗಿನ ತುದಿಯಲ್ಲಿ ಒಂದೇ ಮನೆ, ದೋಣಿ ಮಾಡುವ ಬಡಗಿಯದು.

ಒಟ್ಟು ಮೂವತ್ತೊಂದು ಮನೆ. ಕಲ್ಲುದಡದಿಂದ ಶಾಲೆದಡಕ್ಕೆ ಕಾಲುದಾರಿಯಲ್ಲಿ ಬಳಸಿ ಬಂದರೆ ಒಂದೂವರೆ ಗಂಟೆ, ಮಳೆಗಾಲದಲ್ಲಿ ಎರಡು ಗಂಟೆ, ಜೊತೆಗೆ ಮೊಣಕಾಲುದ್ದ ಕೆಸರು. ದೋಣಿಯಲ್ಲಾದರೆ ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಮೂವತ್ತಮೂರು ವರ್ಷದಿಂದ ಹುಟ್ಟು ಹಾಕುತ್ತಾ ಬಂದವಳು ದೋಣಕ್ಕ.

ಇಪ್ಪತ್ತಾರನೇ ವಯಸ್ಸಿನಲ್ಲಿ ಸೋದರಮಾವನಿಗೆ ಸಹಾಯಕ್ಕೆ ಅಂತ ಬಂದವಳು. ಮಾವ ದೋಣಿ ನಡೆಸುತ್ತಿದ್ದ. ಮೂರನೇ ತಿಂಗಳೇ ಜ್ವರ ಬಂದು ತೀರಿಕೊಂಡ. ಅವಳು ಅತ್ತು ಮುಗಿಸಿ ಮರುದಿನ ಬೆಳಗ್ಗೆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಹುಟ್ಟು ಹಿಡಿದಳು. ಅವತ್ತಿನಿಂದ ಅವಳು ದೋಣಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಕೇಳುವವರಿಲ್ಲದೆ ಅದು ಮೂಲೆ ಸೇರಿತು. ಎಂಬತ್ತರ ಮುದುಕಿಯೂ ದೋಣಕ್ಕ ಅನ್ನುತ್ತಾಳೆ, ಎಂಟು ವರ್ಷದ ಪೋರಿಯೂ ದೋಣಕ್ಕ ಅನ್ನುತ್ತಾಳೆ.

ಇರುವುದು ಶಾಲೆದಡದ ಕಟ್ಟೆಯ ಮೇಲಿನ ಟಿಕೇಟು ಕೋಣೆಯಲ್ಲಿ. ಹಲಗೆಯ ಗೋಡೆ, ಒಂದು ಮಂಚ, ಬಟ್ಟೆ ನೇತುಹಾಕಲು ಎರಡು ಮೊಳೆ, ಕಿಟಕಿಯಲ್ಲಿ ಒಂದು ಕನ್ನಡಿ ಚೂರು. ಮಂಚದ ಕೆಳಗೆ ದೋಣಿಗೆ ಬಳಿಯುವ ಟಾರಿನ ಡಬ್ಬಗಳು. ಅದಕ್ಕೇ ಅಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ. ಒಲೆ ಇಲ್ಲ ಅಂದರೆ ಊಟ ಹೇಗೆ? ಮಾವ ಸತ್ತ ವಾರವೇ ಮನೆಮನೆಯ ಹೆಂಗಸರು ಸೇರಿ ಮಾತಾಡಿಕೊಂಡರು. ದಡದವರು ದೋಣಿಗೆ ಟಿಕೇಟು ತೆಗೆದುಕೊಳ್ಳುವುದು ಬೇಡ, ದಿನಕ್ಕೊಂದು ಮನೆ ಊಟ ಹಾಕಲಿ. ಒಂದನೇ ತಾರೀಖಿನಿಂದ ಏಳರವರೆಗೆ ಕಲ್ಲುದಡ, ಎಂಟರಿಂದ ಹದಿನೆಂಟು ಜೊಂಡುದಡ, ಹತ್ತೊಂಬತ್ತರಿಂದ ಮೂವತ್ತು ಶಾಲೆದಡ. ಮೂವತ್ತೊಂದು ಬಂದರೆ ಮೂಗಿನ ಬಡಗಿ. ಫೆಬ್ರವರಿ ಬಂತೆಂದರೆ ಶಾಲೆದಡದ ಕೊನೆಯ ಎರಡು ಮನೆಯವರು ಮುಖ ಊದಿಸಿಕೊಳ್ಳುತ್ತಿದ್ದರು.

"ನಮ್ಮ ಮನೆ ಅನ್ನ ನಿನಗೆ ಸೇರಲ್ಲ ಬಿಡು" ಅಂತ ಅಂಗಡಿಯಮ್ಮ ವರ್ಷವರ್ಷವೂ ಅನ್ನುವಳು. ಅವಳದು ಮೂವತ್ತನೇ ತಾರೀಖಿನ ಮನೆ.

"ಅಯ್ಯೋ ಮಾರಾಯ್ತಿ, ಕ್ಯಾಲೆಂಡರ್ ನಾನು ಮಾಡಿದ್ದಾ?" ಅಂತ ದೋಣಕ್ಕ ನಗುವಳು.

ಬಡಗಿಯದೊಂದು ಬೇರೆ ಕಥೆ. ವರ್ಷಕ್ಕೆ ಮೂವತ್ತೊಂದನೇ ತಾರೀಖು ಬರುವುದು ಏಳು ಸಲ. ಆ ಏಳು ಸಲವೂ ಅವಳು ಅವನ ಜಗಲಿಯ ಮೇಲೆ ಒಬ್ಬಳೇ ಕೂತು ಉಂಡು, ತಟ್ಟೆ ತೊಳೆದಿಟ್ಟು, ಮಾತಿಲ್ಲದೆ ಎದ್ದು ಬರುವಳು. ಅವನು ಅನ್ನ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿಟ್ಟು ಒಳಗೆ ಹೋಗಿಬಿಡುವನು. ಹನ್ನೊಂದು ವರ್ಷದಿಂದ ಇದೇ ನಡೆದಿತ್ತು.

ಕಾರಣ ಗಾಳಿ. ಮಧ್ಯಾಹ್ನದ ಮೇಲೆ ಗುಡ್ಡದ ಸಂದಿಯಿಂದ ಒಂದು ಗಾಳಿ ಇಳಿಯುತ್ತದೆ. ಆಗ ಕೆರೆಯಲ್ಲಿ ಕೈತಪ್ಪಿದ್ದೆಲ್ಲ ತೇಲಿಕೊಂಡು ಮೂಗಿನ ತುದಿಗೆ ಬಂದು ಬೀಳುತ್ತದೆ. ಚಪ್ಪಲಿ, ಚೆಂಡು, ಬಿಂದಿಗೆ, ಹಗ್ಗ ಬಿಚ್ಚಿಕೊಂಡ ದೋಣಿ, ಎಲ್ಲವೂ. ಹನ್ನೊಂದು ವರ್ಷದ ಹಿಂದೆ ಅಂಥ ಗಾಳಿಯಲ್ಲೇ ದೋಣಕ್ಕ ಹೆರಿಗೆ ನೋವಿನ ಹೆಂಗಸನ್ನು ಕರೆದುಕೊಂಡು ಹೊರಟಳು. ದೋಣಿ ಗಿರಗಿರ ತಿರುಗಿ ಮೂಗಿನ ಕಲ್ಲಿಗೆ ಬಡಿಯಿತು. ಬಡಗಿ ಎದೆಮಟ್ಟ ನೀರಿಗಿಳಿದು ಇಬ್ಬರನ್ನೂ ಎಳೆದು ಹಾಕಿದ. ಹೆಂಗಸು ಬದುಕಿದಳು, ಮಗು ಅವನ ಮನೆಯಲ್ಲೇ ಹುಟ್ಟಿತು. ಅಷ್ಟರಲ್ಲಿ ಸೇರಿದ್ದ ಇಪ್ಪತ್ತು ಜನರೆದುರು ಅವನು ಬಾಯಿಗೆ ಬಂದಂತೆ ಬೈದ. "ಬುದ್ಧಿ ನೆಟ್ಟಗಿದೆಯಾ ನಿನಗೆ? ಸಾಯೋದಾದ್ರೆ ಒಬ್ಬಳೇ ಸಾಯಿ!"

ಮೈಯೆಲ್ಲ ನೀರು ಸೋರುತ್ತಾ ನಿಂತಿದ್ದ ದೋಣಕ್ಕನಿಗೆ ರೇಗಿತು. "ಇನ್ನೊಂದು ಸಲ ಸಾಯೋ ಹಾಗಾದ್ರೂ ನಿನ್ನ ಹೊಸ್ತಿಲು ದಾಟಲ್ಲ ಬಿಡು" ಅಂದಳು. ಅಲ್ಲಿಗೆ ಮಾತು ನಿಂತಿತು. ಅದಕ್ಕೆ ಮೊದಲು ಅವಳು ಅವನನ್ನು ಅಣ್ಣ ಅನ್ನುತ್ತಿದ್ದಳು.

ಸರಿ, ಈಗ ವಿಷಯಕ್ಕೆ ಬರೋಣ. ದೋಣಕ್ಕನಿಗೆ ಐವತ್ತೊಂಬತ್ತು ತುಂಬಿದ ವರ್ಷ ಪಟ್ಟಣದ ಕಚೇರಿಯಿಂದ ಒಂದು ಕಾಗದ ಬಂತು. ಅಂಗಡಿಯಮ್ಮನ ಕೈಲಿ ಓದಿಸಿದಳು. ದೋಣಿ ನಡೆಸುವವರು ಕೆರೆದಡದ ನಿವಾಸಿಗಳೇ ಆಗಿರಬೇಕು. ಈ ಸಲದ ಜನರ ಎಣಿಕೆಯಲ್ಲಿ ಯಾವುದಾದರೂ ಒಂದು ಮನೆಯ ಪಟ್ಟಿಯಲ್ಲಿ ಹೆಸರಿಲ್ಲದವರ ಪರವಾನಗಿ ಮುಂದುವರಿಯುವುದಿಲ್ಲ, ಕೋಣೆಯನ್ನೂ ಬಿಡಬೇಕು.

"ಅಷ್ಟೇನಾ? ನಮ್ಮ ಮನೇಲಿ ಬರೆಸ್ತೀನಿ ಬಿಡು" ಅಂತ ಅಂಗಡಿಯಮ್ಮ ಅನ್ನುತ್ತಾಳೆ ಅಂತ ದೋಣಕ್ಕ ಒಂದು ಕ್ಷಣ ಕಾದಳು. ಅಷ್ಟರಲ್ಲಿ ಯಾರೋ ಸೋಪು ಕೇಳಿಕೊಂಡು ಬಂದರು, ಅಂಗಡಿಯಮ್ಮ ಆ ಕಡೆ ತಿರುಗಿದಳು. ದೋಣಕ್ಕ ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದುಬಿಟ್ಟಳು. ಕೇಳಬಹುದಿತ್ತು. ಯಾವ ಮನೆಯಲ್ಲಿ ಕೇಳಿದರೂ ಕೊಡುತ್ತಿದ್ದರು ಅಂತ ನನಗೆ ನಿಮಗೆ ಅನ್ನಿಸುತ್ತದೆ. ಮೂವತ್ತಮೂರು ವರ್ಷ ಇನ್ನೊಬ್ಬರ ಒಲೆಯ ಅನ್ನ ಉಂಡವಳಿಗೆ ಹಾಗೆ ಅನ್ನಿಸಲಿಲ್ಲ. ಅನ್ನದ ಮೇಲೆ ಹೆಸರನ್ನೂ ಕೇಳಬೇಕಾ ಅಂತ ಅವಳ ಹಟ. ಹಟಮಾರಿ ಅಂದರೆ ಹಟಮಾರಿಯೇ. ಒಳಗೊಳಗೆ ಮಾತ್ರ ಜೀವ ಹಿಡಿಯಷ್ಟಾಗಿತ್ತು. ಹುಟ್ಟು ಬಿಟ್ಟರೆ ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ, ಈ ನೀರು ಬಿಟ್ಟರೆ ಬೇರೆ ಜಾಗ ಗೊತ್ತಿಲ್ಲ.

ಎಣಿಕೆಗೆ ಬಂದವರು ಪಟ್ಟಣದ ಒಬ್ಬ ಮೇಷ್ಟ್ರು. ತೆಳ್ಳಗಿನ ಮನುಷ್ಯ, ನೀರೆಂದರೆ ಪುಕ್ಕಲು. ದೋಣಿಯ ಅಡ್ಡಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಕಾಗದದ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ನಾಲ್ಕು ದಿನ ದೋಣಕ್ಕ ಅವರನ್ನು ಮನೆಯಿಂದ ಮನೆಗೆ ಸುತ್ತಿಸಿದಳು. ದೋಣಿ ಮೆಟ್ಟಿಲಿಗೆ ಕಟ್ಟಿ ಅಲ್ಲೇ ಕೂರುವಳು, ಮೇಷ್ಟ್ರು ಒಳಗೆ ಹೋಗಿ ಬರೆದುಕೊಂಡು ಬರುವರು. ಒಳಗೆ ಏನು ಕೇಳಿದರು, ಏನು ಹೇಳಿದರು ಅಂತ ಅವಳು ಒಂದು ಸಲವೂ ಕೇಳಲಿಲ್ಲ. ದೋಣಿಯಲ್ಲಿ ಸೇರಿದ ನೀರು ಮೊಗೆದು ಮೊಗೆದು ಹಾಕುತ್ತಾ ಕೂತಿರುವಳು. ನೀರು ಇಲ್ಲದಿದ್ದರೂ ಮೊಗೆಯುವಳು.

ನಾಲ್ಕನೇ ದಿನ ಕೊನೆಗೆ ಮೇಷ್ಟ್ರೇ ಕೇಳಿದರು. "ನಿಮ್ಮದೊಂದು ಉಳೀತು. ನೀವು ಯಾವ ಒಲೆಯಲ್ಲಿ ಊಟ ಮಾಡ್ತೀರಿ?"

"ಅದೇನು ಒಲೆ ಲೆಕ್ಕ?"

"ಒಂದೇ ಒಲೆಯಲ್ಲಿ ಬೇಯಿಸಿದ್ದು ಉಣ್ಣೋರೆಲ್ಲ ಒಂದು ಮನೆ. ಎಲ್ಲರನ್ನೂ ಹಾಗೇ ಕೇಳಿದ್ದು."

"ನನಗೆ ಒಲೆ ಇಲ್ಲ ಮೇಷ್ಟ್ರೇ."

ಮೇಷ್ಟ್ರು ಕಾಗದ ಹಿಂದೆ ಮುಂದೆ ತಿರುವಿದರು. "ಒಲೆ ಇಲ್ಲದವರಿಗೆ ಇದರಲ್ಲಿ ಜಾಗ ಇಲ್ವಲ್ಲ. ಬೀದಿಯಲ್ಲಿ ಮಲಗೋರದ್ದು ಬೇರೆ ಪಟ್ಟಿ ಇದೆ, ಅದಕ್ಕೆ ಹಾಕ್ಲಾ?"

"ಇಲ್ಲಿ ಬೀದಿ ಎಲ್ಲಿದೆ? ನೀರಿದೆ" ಅಂದಳು ದೋಣಕ್ಕ. ನಕ್ಕಳು ಕೂಡ. ಅವತ್ತು ಸಂಜೆ ಯಾರ ಮನೆಯ ಸರದಿಯೋ ಅಲ್ಲಿಗೆ ಊಟಕ್ಕೆ ಹೋಗಲಿಲ್ಲ, ತಲೆನೋವು ಅಂತ ಹೇಳಿ ಕಳಿಸಿದಳು. ಮಂಚದ ಮೇಲೆ ಕೂತು ಎರಡು ಮೊಳೆಯಿಂದ ಬಟ್ಟೆ ತೆಗೆದು ಮಡಿಸಿದಳು. ಮೂವತ್ತಮೂರು ವರ್ಷದ ಸಂಸಾರ ಒಂದು ಚೀಲಕ್ಕೆ ಹಿಡಿಯಿತು, ಇನ್ನೂ ಜಾಗ ಉಳಿಯಿತು.

ಆರು ದಿನ ಕಳೆಯಿತು. ಏಳನೇ ದಿನ ಮೊದಲ ಬಸ್ಸಿಗೇ ಮೇಷ್ಟ್ರು ಇಳಿದರು. ಕಣ್ಣು ಕೆಂಪಗಾಗಿತ್ತು, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದರು. ಬಂದವರೇ ಟಿಕೇಟು ಕೋಣೆಯ ಮಂಚದ ಮೇಲೆ ಕಾಗದವೆಲ್ಲ ಸುರಿದರು.

"ಕಚೇರಿಯಲ್ಲಿ ನನ್ನ ಮಾನ ಹೋಯ್ತು ದೋಣಕ್ಕಾ. ಹತ್ತು ವರ್ಷದ ಹಿಂದೆ ಇಲ್ಲಿದ್ದೋರು ಇನ್ನೂರ ಹದಿನಾಲ್ಕು ಜನ. ಹುಟ್ಟಿದ್ದು, ಸತ್ತಿದ್ದು, ಬಂದಿದ್ದು, ಹೋಗಿದ್ದು ಎಲ್ಲ ಕೂಡಿ ಕಳೆದ್ರೆ ಈಗ ಇನ್ನೂರ ಹದಿನೆಂಟು ಇರಬೇಕು. ನನ್ನ ಲೆಕ್ಕದಲ್ಲಿ ಇನ್ನೂರ ನಲವತ್ತೊಂಬತ್ತು! ಮೂವತ್ತೊಂದು ಜನ ಎಲ್ಲಿಂದ ಬಂದ್ರು? ಮನೆಯಲ್ಲೇ ಕೂತು ಬರೆದೆಯಾ ಅಂತ ಸಾಹೇಬರು ಎಲ್ಲರೆದುರು ಕೇಳಿದ್ರು. ಇವತ್ತು ಸಂಜೆಯೊಳಗೆ ಸರಿ ಮಾಡದಿದ್ರೆ ನನ್ನ ಕಥೆ ಮುಗೀತು."

"ಮೂವತ್ತೊಂದಾ?" ಅಂದಳು ದೋಣಕ್ಕ. "ಎಷ್ಟು ಮನೆಯೋ ಅಷ್ಟು. ಓದಿ ನೋಡೋಣ. ಇಲ್ಲಿ ನನಗೆ ಗೊತ್ತಿಲ್ಲದ ತಲೆ ಯಾವುದಿದೆ?"

ಮೇಷ್ಟ್ರು ಓದಿದರು. ಕಲ್ಲುದಡದ ದರ್ಜಿಯ ಮನೆ. ದರ್ಜಿ, ಹೆಂಡತಿ, ಇಬ್ಬರು ಮಕ್ಕಳು, ದೊಡ್ಡಮ್ಮ.

"ದರ್ಜಿಗೆ ದೊಡ್ಡಮ್ಮ ಎಲ್ಲಿದಾಳೆ? ಅವಳು ಹೋಗಿ ಎಂಟು ವರ್ಷ ಆಯ್ತು."

ಪಕ್ಕದ ಮನೆಯಲ್ಲಿ ಒಬ್ಬ ನಾದಿನಿ. ಅದರಾಚೆ ಒಬ್ಬ ಚಿಕ್ಕಮ್ಮ. ಜೊಂಡುದಡದಲ್ಲಿ ಬಲೆ ಹೆಣೆಯುವವರ ಮನೆಯಲ್ಲಿ ಅಕ್ಕ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಅಜ್ಜಿ. ಅಂಗಡಿಯಮ್ಮನ ಮನೆಯಲ್ಲಿ ಅತ್ತಿಗೆ. ಎಲ್ಲ ಮನೆಯಲ್ಲೂ ಸುಮಾರು ಅರವತ್ತರ ಒಬ್ಬಳು ಹೆಂಗಸು. ಒಬ್ಬೊಬ್ಬರಿಗೂ ಒಂದೊಂದು ಹೆಸರು, ಯಾಕೆಂದರೆ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು, ತಮ್ಮ ಮನೆಯ ಹಳಬರದ್ದು, ಚೆಂದ ಕಂಡದ್ದು ಬರೆಸಿದ್ದರು. ಕೆಲಸದ ಕಾಲಂನಲ್ಲಿ ಮಾತ್ರ ಅಷ್ಟೂ ಕಡೆ ಒಂದೇ ಇತ್ತು. ದೋಣಿ.

ಕೊನೆಯ ಕಾಲಂ ಯಾರು ನೋಡುತ್ತಾರೆ? ಮೇಷ್ಟ್ರು ನೋಡಿರಲಿಲ್ಲ. ಈಗ ಅವರ ಬಾಯಿ ತೆರೆದದ್ದು ತೆರೆದಂತೇ ಇತ್ತು. ನಿಮ್ಮ ಒಲೆಯಲ್ಲಿ ಬೇಯಿಸಿದ್ದು ಉಣ್ಣೋರು ಎಷ್ಟು ಜನ ಅಂತ ಕೇಳಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು ಆ ಜನ.

"ಅಜ್ಜಿಯಂತೆ!" ಅಂದಳು ದೋಣಕ್ಕ. "ಐವತ್ತೊಂಬತ್ತಕ್ಕೇ ಅಜ್ಜಿ! ಮಾಡ್ತೀನಿ ಆ ಹುಡುಗಿಗೆ." ಇಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಮಾವ ಸತ್ತಾಗ ಅತ್ತದ್ದು ಬಿಟ್ಟರೆ ಅವಳು ಅತ್ತದ್ದು ಅವತ್ತೇ. ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಏನೂ ತೋಚದೆ ಕನ್ನಡಿ ಚೂರಿನಲ್ಲಿ ಮುಖ ನೋಡಿಕೊಂಡು ಅಂಗಿಯ ಗುಂಡಿ ಸರಿಮಾಡಿಕೊಂಡರು.

ಕಣ್ಣೊರೆಸಿಕೊಂಡ ಮೇಲೆ ಅವಳಿಗೆ ಒಂದು ಹೊಳೆಯಿತು. "ತಡೀರಿ. ಮೂವತ್ತೊಂದು ಅಂದ್ರಿ. ಮೂಗಿನ ಮನೆ ಬಿಟ್ರೆ ಮೂವತ್ತೇ ಅಲ್ವಾ?"

"ಮೂಗಿನ ಮನೆಯಲ್ಲೂ ಇಬ್ಬರು."

"ಸಾಧ್ಯ ಇಲ್ಲ. ಆ ಬಡಗಿ ಒಂಟಿ."

"ಅವರೇ ಬರೆಸಿದ್ದು. ನೋಡಿ, ಕೆಲಸ, ದೋಣಿ."

ದೋಣಕ್ಕ ಆ ಕಾಗದ ಕೈಗೆ ತೆಗೆದುಕೊಂಡು ಸುಮ್ಮನೆ ನೋಡಿದಳು. ಅವಳಿಗೆ ಓದು ಬಾರದು. ಎರಡು ಸಾಲು ಇದೆ ಅಂತ ಮಾತ್ರ ತಿಳಿಯುತ್ತಿತ್ತು.

ಹೆಸರು ಒಂದೇ ಮನೆಯಲ್ಲಿ ಉಳಿಯಬೇಕು, ಉಳಿದ ಕಡೆ ಹೊಡೆದುಹಾಕಿ ಯಜಮಾನರ ರುಜು ತರಬೇಕು ಅಂತ ನಿಯಮ. ಹತ್ತಿರದ್ದು ಅಂಗಡಿಯಮ್ಮನ ಮನೆ, ಅಲ್ಲೇ ಇರಲಿ ಅಂತ ಇಬ್ಬರೂ ಮಾತಾಡಿಕೊಂಡು ದೋಣಿ ಬಿಟ್ಟರು. ಸುಲಭದ ಕೆಲಸ ಅಂದುಕೊಂಡಿದ್ದರು.

ಕಲ್ಲುದಡದಲ್ಲಿ ದರ್ಜಿ ಪೆನ್ನು ಮುಟ್ಟಲಿಲ್ಲ. "ನಮ್ಮ ಮನೆಯಲ್ಲೇ ಯಾಕೆ ಹೊಡೀಬೇಕು? ಪಕ್ಕದ ಮನೇಲಿ ಹೊಡೀರಿ."

ಪಕ್ಕದ ಮನೆಯವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ದರ್ಜಿ ಮನೆ ಸಾರಿಗಿಂತ ನಮ್ಮದೇನು ಕಮ್ಮಿಯಾ? ಹೊಡೆಯೋದಾದ್ರೆ ನನ್ನ ಗಂಡನ್ನ ಹೊಡೀರಿ, ಅವನು ಇದ್ದೂ ಪ್ರಯೋಜನ ಇಲ್ಲ."

ಮೂರು ಮನೆ ತಿರುಗಿದರೂ ಒಂದು ರುಜು ಸಿಗಲಿಲ್ಲ. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಆಗ ದೋಣಕ್ಕ ಹಗ್ಗ ಕಟ್ಟಿ ತಾನೇ ಇಳಿದಳು. ಒಂದೊಂದು ಮನೆಗೂ ಹೋಗಿ ಹೇಳಿದಳು. "ಕಾಗದದಿಂದ ತೆಗೀರಿ ಅಂದೆ, ತಟ್ಟೆ ತೆಗೀರಿ ಅಂದ್ನಾ? ನನ್ನ ತಾರೀಖು ನನಗೇ. ಈ ರುಜು ಹಾಕಿಲ್ಲ ಅಂದ್ರೆ ನನ್ನ ದೋಣಿ ಹೋಗುತ್ತೆ, ಈ ಮೇಷ್ಟ್ರ ಅನ್ನ ಹೋಗುತ್ತೆ." ಹಾಗೆ ಬೇಡಿ, ಬೈದು, ರಮಿಸಿ, ತನ್ನನ್ನು ತಾನೇ ಮನೆಮನೆಯಿಂದ ಹೊಡೆಸಿಕೊಂಡು ಬಂದಳು. ಕೇಳಿದರೆ ನಗು ಬರುವ ಕೆಲಸ. ಅಜ್ಜಿ ಅಂದ ಹುಡುಗಿಯ ಕಿವಿ ಹಿಂಡಿದಳು, ಆಮೇಲೆ ಅವಳ ಕೆನ್ನೆ ಸವರಿದಳು.

ಇಪ್ಪತ್ತೊಂಬತ್ತು ರುಜು ಆಗುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಉಳಿದದ್ದು ಮೂಗು. ಗಾಳಿ ಆಗಲೇ ಏಳುತ್ತಿತ್ತು. ಮೂಗಿನ ಕಲ್ಲಿಗೆ ದೋಣಿ ಕಟ್ಟಿ, "ನೀವೇ ಹೋಗ್ಬನ್ನಿ ಮೇಷ್ಟ್ರೇ, ನಾನು ಬರಲ್ಲ" ಅಂದು ತಗ್ಗಿ ಕೂತಳು. ಬಡಗಿಗೆ ಎಪ್ಪತ್ತನಾಲ್ಕು, ಕಿವಿ ಮಂದ. ಕಿವಿ ಮಂದವಾದವರ ಮಾತು ಜೋರು. ಜಗಲಿಯಲ್ಲಿ ಆಡಿದ್ದೆಲ್ಲ ದೋಣಿಗೆ ಕೇಳುತ್ತಿತ್ತು.

"ಹೊಡೀಬೇಕಾ? ಯಾಕೆ ಹೊಡೀಬೇಕು?" ಅಂದ ಬಡಗಿ.

ಮೇಷ್ಟ್ರು ಕೂಗಿ ಹೇಳಿದರು. "ಅವರು ನಿಮ್ಮಲ್ಲಿ ಉಣ್ಣೋದು ವರ್ಷಕ್ಕೆ ಏಳು ದಿನ ಅಂತೆ, ಅಜ್ಜಾ! ಅಷ್ಟಕ್ಕೇ ಬರೆಸೋ ಹಾಗಿಲ್ಲ! ಅವರು ನಿಮಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ನೀನು ಅವತ್ತು ಕೇಳಿದ್ದೇನು? ಈ ಒಲೆಯಲ್ಲಿ ಎಷ್ಟು ಜನರಿಗೆ ಬೇಯುತ್ತೆ ಅಂತ ತಾನೇ? ದಿನಾ ಇಬ್ಬರಿಗೆ ಬೇಯುತ್ತೆ. ಬಾ, ಪಾತ್ರೆ ಮುಚ್ಚಳ ತೆಗೆದು ನೋಡು."

"ದಿನಾನಾ?"

"ದಿನಾ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ. ಎದ್ರೆ ದೋಣಿ ಇಲ್ಲಿಗೇ ಬಂದು ಬೀಳೋದು. ನೆಂದು, ನಡುಗ್ತಾ ಬರೋಳಿಗೆ ಆಗ ಒಲೆ ಹಚ್ತಾ ಕೂರೋಕಾಗುತ್ತಾ? ಅವತ್ತು ಬಂದಾಗ ಮನೇಲಿ ಒಂದು ಅಗುಳು ಇರಲಿಲ್ಲ. ಬಾಯಿಗೆ ಬಂದಿದ್ದು ಬೈದು ಕಳಿಸಿದೆ. ಅವತ್ತಿನಿಂದ ಇಬ್ಬರಿಗೇ ಹಾಕ್ತೀನಿ. ಬರದಿದ್ರೆ ಬೆಳಗ್ಗೆ ನಾನೇ ತಂಗಳು ಉಣ್ತೀನಿ, ಅದಕ್ಕೇನು? ಬರದೇ ಇರೋದೇ ಒಳ್ಳೇದು."

ದೋಣಕ್ಕ ಬೆರಳಲ್ಲಿ ಎಣಿಸಲು ಹೋದಳು, ಹನ್ನೊಂದು ವರ್ಷದ ದಿನಗಳು ಬೆರಳಿಗೆ ಸಿಗಲಿಲ್ಲ. ಎದ್ದು ಕಲ್ಲು ಹತ್ತಿ ಬಂದು ಜಗಲಿಯ ಕೆಳಗೆ ನಿಂತಳು. ಅಲ್ಲೆಲ್ಲ ಮರದ ಹೊಟ್ಟು, ಅರ್ಧ ಮುಗಿದ ಹುಟ್ಟೊಂದು ಗೋಡೆಗೆ ಒರಗಿತ್ತು. ಬಡಗಿ ಅವಳನ್ನು ನೋಡಿ ಕತ್ತು ಆ ಕಡೆ ತಿರುಗಿಸಿಕೊಂಡ.

"ಮೇಷ್ಟ್ರೇ" ಅಂದಳು, "ಇಲ್ಲಿ ಹೊಡೀಬೇಡಿ. ಅಂಗಡಿಯಮ್ಮನ ಮನೇಲಿ ಹೊಡೀರಿ, ಅವಳಿಗೆ ನಾನು ಹೇಳ್ಕೋತೀನಿ."

ಹೇಳಿಕೊಂಡದ್ದೂ ಆಯಿತು, ರುಜುವೂ ಸಿಕ್ಕಿತು. ಅಂಗಡಿಯಮ್ಮ ಮೂರು ದಿನ ಮಾತು ಬಿಟ್ಟಳು, ನಾಲ್ಕನೇ ದಿನ ಬಿಡಲಾಗಲಿಲ್ಲ. ಮೂವತ್ತು ಹೆಂಗಸರು ಒಂದೇ ದಿನದಲ್ಲಿ ಕಡಿಮೆಯಾಗಿ, ಹಿಂದಿನ ಎಣಿಕೆಯಲ್ಲಿ ಬಿಟ್ಟುಹೋಗಿದ್ದ ದೋಣಕ್ಕನೂ ಸೇರಿ ಕೆರೆದಡದ ಜನಸಂಖ್ಯೆ ಇನ್ನೂರ ಹತ್ತೊಂಬತ್ತಕ್ಕೆ ನಿಂತಿತು. ಪರವಾನಗಿ ಬಂತು. ಆದರೆ ಅದೆಲ್ಲ ಆಮೇಲಿನ ಮಾತು. ಜಗಲಿಯಲ್ಲಿ ಮೇಷ್ಟ್ರಿಗೆ ಇನ್ನೂ ಒಂದು ಕಾಲಂ ಬಾಕಿಯಿತ್ತು.

"ಯಜಮಾನರಿಗೆ ಏನಾಗಬೇಕು ಅನ್ನೋದು ಖಾಲಿ ಇದೆ. ಏನು ಬರೀಲಿ?"

ಬಡಗಿ ಅರ್ಧ ಮುಗಿದ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೆತ್ತತೊಡಗಿದ. ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಕೂತನೋ.

"ತಂಗಿ ಅಂತ ಬರ್ಕೊಳ್ಳಿ" ಅಂದಳು ದೋಣಕ್ಕ. ಆಮೇಲೆ ಮೇಷ್ಟ್ರಿಗೆ ತನ್ನ ನಿಜವಾದ ಹೆಸರು ಹೇಳಿದಳು. ಮೇಷ್ಟ್ರು ಬರೆದುಕೊಂಡರು. ಅವಳು ಜಗಲಿ ಹತ್ತಿ, ಇಷ್ಟು ವರ್ಷ ದಾಟದ ಹೊಸ್ತಿಲ ಹತ್ತಿರ ನಿಂತು ಜೋರಾಗಿ ಕೇಳಿದಳು.

"ಅಣ್ಣಾ, ಒಳಗೆ ಬರ್ಲಾ?"

"ಅನ್ನ ಆರ್ತಾ ಇದೆ, ಇವಳು ಬಾಗಿಲಲ್ಲಿ ನಿಂತು ಕೇಳ್ತಿದಾಳೆ ನೋಡು" ಅಂತ ಬಡಗಿ ಮೇಷ್ಟ್ರಿಗೆ ಹೇಳಿ, ಎದ್ದು ಒಳಗೆ ತಟ್ಟೆ ಹಾಕಲು ಹೋದ.